ಪೈಪಿನ ಆಚೆ ಬದಿ

ತಂಪು ಮೊದಲು ಮೊಣಕಾಲಿಗೆ ತಾಗುತ್ತಿದೆ, ಅಂತೂ ನಡೆಯಿತು, ಹುಬ್ಬಳ್ಳಿಯಿಂದ ತಂದ ಗಾಲಿಯ ಏಸಿ, ದೋಣಿಯ ಈ ಗೂಡಿನಂಥ ಕೋಣೆಯಲ್ಲಿ ಕರೆಯದೆ ಬಂದ ನೆಂಟನಂತೆ ಜಾಗ ಹಿಡಿದು ಕೂತಿದೆ, ತನುಜಾ ಗಾಳಿಗೆ ಮುಖವೊಡ್ಡಿ ನಕ್ಕಳು, ಅವಳ ಅಣ್ಣ ಚನ್ನೇಶ ಇನ್ನೂ ನಗುತ್ತಿಲ್ಲ, ಶಿಗ್ಗಾವಿಯಿಂದ ಹಾನಗಲ್ಲಿಗೆ ಬಂದಿರುವುದೇ ನನ್ನನ್ನು ತೂಗಿ ನೋಡಲು, ಅವನು ಹೂಂ ಅಂದರೆ ಅವರ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ, ಇಲ್ಲದಿದ್ದರೆ ಇಲ್ಲ — ಕೆರೆಯ ಮೇಲಿನ ಬಿಸಿಲು ಗಾಜಿಗೆ ಬಂದು ನಿಂತಿದೆ, ಹೊರಗೇ ಇರಲಿ, ಆದರೆ ಏಸಿ ಉಗುಳುವ ಬಿಸಿಗಾಳಿ, ಅದನ್ನು ನಿನ್ನೆ ಕೇಳಿದ್ದು ಅಪ್ಪ, ಈ ತೊಡಿ ಗಾತ್ರದ ಪೈಪ ಎತ್ಲಾಗ ಬಿಡೂಣು, ಪಕ್ಕದ ಗಾಜು ತೆಗೆಯಲು ಬರುವುದಿಲ್ಲ, ಮುಂದೆ ಜನರೇಟರ್, ಉಳಿದದ್ದು ಹಿಂದಿನ ಹಲಗೆ, ಅದರ ಆಚೆ ಮೋಟರಿನ ಹಿಡಿಕೆ, ಹಿಡಿಕೆಯ ಪಕ್ಕ ಅಪ್ಪ ಕೂರುವ ಜಾಗ. ಬಿಸಿಯೆಲ್ಲ ಅವನ ಮುಖಕ್ಕೇ ಅಂತ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಅವನೇ ಹಲಗೆಯ ಮೇಲೆ ಗುಂಡಗೆ ಗೆರೆ ಎಳೆದ, ಅವನೇ ಗರಗಸ ಹಿಡಿದ, ಸಂದಿಗೆ ತನ್ನ ಹಳೆಯ ಧೋತರದ ತುಂಡು ತುರುಕಿದ, ಒಳಗ ತಂಪ ನಿಂದರಬೇಕಲ್ಲೋ ಅಂದ, ನಾನು ಹೂಂ ಅಂದೆ.

ದೋಣಿ ನಿಮ್ಮದ ಏನ್ರಿ, ಚನ್ನೇಶ ಕೇಳುತ್ತಿದ್ದಾನೆ, ಹೌದ್ರಿ ನಂದ ಅಂದೆ, ಮತ್ತ ಹತ್ತುವಾಗ ತಂಗೀ ಚಪ್ಪಲಿ ಎತ್ತಿಕೊಟ್ರಲ್ಲ, ಹಿಂದ ಕುಂತಾವ್ರು, ಅವರ್ಯಾರು — ಅಪ್ಪನ ತೂತು ಬಿದ್ದ ಬನಿಯನ್, ಅಂಗಿ ಹಾಕಿಕೋ ಅಂತ ಬೆಳಿಗ್ಗೆ ಬಡಿದುಕೊಂಡೆ, ಈ ಸೆಕಿಯೊಳಗ ಯಾರಿಗ್ಯಾಕ ಅಂಗಿ ಅಂದ — ಅಂವಾ? ದೋಣಿ ನಡಸಾಕ ಇಟ್ಕೊಂಡೇನ್ರಿ. ಅಂದುಬಿಟ್ಟೆ, ಎಷ್ಟು ಸಲೀಸಾಗಿ ಅಂದೆ, ಚನ್ನೇಶ ಈಗ ನಕ್ಕ, ನನ್ನ ಕಿವಿ ಇಷ್ಟು ತಂಪಿನಲ್ಲೂ ಸುಡುತ್ತಿದೆ, ಥೂ ನನ್ನ ಜನ್ಮಕ್ಕೆ, ಎಂಥ ದಡ್ಡ, ನಾಳೆ ಇವರು ಮನೆಗೆ ಬಂದರೆ ಬಾಗಿಲಲ್ಲಿ ಬರ್ರಿ ಅನ್ನುವವನು ಅವನೇ ಅಲ್ಲವೇ, ಈಗಲೇ ಹೇಳು, ತಮಾಷೆಗೆ ಅಂದೆ ಅನ್ನು, ನಮ್ಮಪ್ಪ ಅನ್ನು, ಒಂದೇ ಶಬ್ದ, ಅಪ್ಪನಿಗೆ ಕೇಳಿಸಿರಲಿಕ್ಕಿಲ್ಲ, ಜನರೇಟರಿನ ಸದ್ದಿದೆ, ಹಲಗೆಯಿದೆ, ಆದರೆ ಅವನ ಕಿವಿ ಆ ಪೈಪಿನ ತೂತಿನ ಪಕ್ಕಕ್ಕೇ ಇದೆ.

ತನುಜಾ ಎದ್ದಳು, ಪಾಪ ಹೊರಗ ಭಾಳ ಝಳ ಐತಿ ಅಂತ ನೀರಿನ ಬಾಟಲಿ ಹಿಡಿದು ಹಿಂದಿನ ಗಿಡ್ಡ ಬಾಗಿಲು ತೆರೆದಳು, ಬಿಸಿ ರಪ್ಪನೆ ಒಳಗೆ ಬಂತು, ಕಾಕಾ, ನೀರ ಕುಡೀರಿ, ಅಪ್ಪ ಪೈಪಿನ ಬಾಯಿಗೆ ಮುಖ ಓರೆ ಮಾಡಿ ಕೂತಿದ್ದಾನೆ, ಒಂದು ಕೆನ್ನೆ ಕೆಂಡದ ಬಣ್ಣ, ಬಾಟಲಿಗೆ ಕೈ ಚಾಚುತ್ತಿಲ್ಲ, ನನ್ನ ಕಡೆ ನೋಡುತ್ತಾನೆ, ಸಿಟ್ಟಿಲ್ಲ, ಸಿಟ್ಟಾಗಿದ್ದರೆ ಬದುಕಿಕೊಳ್ಳುತ್ತಿದ್ದೆ, ತಲೆಯ ಟವಲು ಬಿಚ್ಚಿ ಕಂಕುಳಿಗೆ ಸಿಕ್ಕಿಸಿದ, ಅರ್ಧ ಎದ್ದ, ಸಾಹೇಬ್ರ, ಕುಡೀಲೇನ್ರಿ, ಅಂದ, ನನಗೆ ಅಂದ, ತನುಜಾ ನನ್ನ ಒಪ್ಪಿಗೆಗೆ ಕಾಯುತ್ತಿದ್ದಾಳೆ, ಚನ್ನೇಶನೂ, ಅಪ್ಪನೂ, ಟವಲು ಕಂಕುಳಲ್ಲಿ, ಅರೆಬೋಳು ತಲೆಯ ಮೇಲೆ ಬಿಸಿಗಾಳಿಗೆ ಹಾರುವ ಬಿಳಿ ಕೂದಲು, ಕುಡಿ ಅನ್ನಬೇಕು, ನಾನು ಅನ್ನಬೇಕು, ಟವಲು ಕಂಕುಳಲ್ಲಿ, ಅಪ್ಪ ನಿಂತೇ ಇದ್ದಾನೆ, ಟವಲು ಕಂಕುಳಲ್ಲಿ —