ಕುಟ್ಟಣಿಯಲ್ಲಿ ಗುದ್ದಿದ ಹಂದಿ ಮಸಾಲೆ

ಸೀತಾಂಗೋಳಿಯ ಫ್ಯಾಕ್ಟರಿಯೊಂದರಲ್ಲಿ ವಾರವಿಡೀ ನಿಂತು ದುಡಿಯುವ ಪುಷ್ಪಾವತಿಗೆ ಕಾಲು ಚಾಚಲು ಸಿಗುವುದು ಆದಿತ್ಯವಾರ ಒಂದೇ. ಅದನ್ನೂ ಈ ಸಲ ಮಗಳು ನಿಶ್ಮಿತಾ ನುಂಗಿ ಹಾಕಿದ್ದಳು. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುವ ಹುಡುಗಿ. ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ಹಂದಿ ಮಾಂಸಕ್ಕೆ ತಿಕ್ಕುವ ಒಣ ಮಸಾಲೆಯನ್ನು ಮನೆಯಲ್ಲೇ ಹುಡಿ ಮಾಡಿ ತರಬೇಕು, ಅಂಗಡಿ ಪ್ಯಾಕೆಟ್ ತಂದರೆ ಫೇಲು. ಒಮ್ಮೆ ಫೇಲಾದವಳು ಈಗಲೂ ಆದರೆ ಇಡೀ ವರ್ಷ ಹೋದಂತೆಯೇ.

ಕೊತ್ತಂಬರಿ, ಕರಿಮೆಣಸು, ಒಣಮೆಣಸು, ಜೀರಿಗೆ, ಲವಂಗ ತಟ್ಟೆಯಲ್ಲಿ ಸಿದ್ಧವಿದ್ದವು. ದೊಡ್ಡಪತ್ರೆ ಸೊಪ್ಪು ನಾಲ್ಕು ದಿನದ ಬಿಸಿಲಿಗೆ ಗರಿಗರಿಯಾಗಿತ್ತು. ಪುಷ್ಪಾವತಿ ಬಾಣಲೆಯನ್ನು ಒಲೆಗಿಡುವುದಕ್ಕೂ ಗಂಡ ಪುರಂದರ ಅಡುಗೆಮನೆಯ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಅವನು ಶಬರಿಮಲೆಗೆಂದು ಮಾಲೆ ಹಾಕಿ ಅಂದಿಗೆ ಹದಿನೆಂಟು ದಿನ.

“ಎಂತ ಅದು?”

“ಹಂದಿ ಮಸಾಲೆ.”

“ಮಾಲೆ ಹಾಕಿದ ಮನೆಯಲ್ಲಿ ಹಂದಿ ಮಸಾಲೆಯಾ? ನಿನಗೆ ತಲೆ ಸರಿ ಉಂಟಾ?”

“ಇದರಲ್ಲಿ ಹಂದಿ ಎಲ್ಲಿ ಉಂಟು ಸ್ವಾಮಿ? ನಿಮ್ಮ ಸಾರಿಗೆ ಹಾಕುವ ಕೊತ್ತಂಬರಿಯೇ ಇದು.”

“ಹೆಸರು ಹೇಳಿ ಆಯ್ತಲ್ಲ. ಇನ್ನು ಈ ಒಲೆಯೂ ಬೇಡ, ಆ ಮಿಕ್ಸಿಯೂ ಬೇಡ.”

ಸಾರಿನ ಹುಡಿ ಅಂದಿದ್ದರೆ ಮುಗಿಯುತ್ತಿತ್ತು. ತನ್ನ ಬಾಯಿಯನ್ನು ತಾನೇ ಶಪಿಸುತ್ತ ಪುಷ್ಪಾವತಿ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದಳು. ಗಾಳಿಗೆ ಬೆಂಕಿ ಒಂದೇ ಕಡೆ ವಾಲಿ ಮೊದಲ ಸಲದ ಕೊತ್ತಂಬರಿ ಇದ್ದಿಲಾಯಿತು. ಅದನ್ನು ಚೆಲ್ಲಿ, ಹೊಗೆಗೆ ಕಣ್ಣೊರೆಸಿಕೊಂಡು ಮತ್ತೆ ಹುರಿದಳು. ಹುರಿದದ್ದನ್ನು ಹೊತ್ತು ಪಕ್ಕದ ಮನೆಯ ಕಮಲಳ ಮಿಕ್ಸಿಗೆ ಓಡಿದಳು.

“ಅಯ್ಯೋ ಪುಷ್ಪಕ್ಕಾ, ನಮ್ಮವರದ್ದೂ ಮಾಲೆ ಅಲ್ವಾ! ಭಜನಾ ಮಂದಿರದಿಂದ ಹನ್ನೆರಡು ಜನ ಒಟ್ಟಿಗೆ ಹೋಗುವುದು. ಈ ಸುತ್ತಿನಲ್ಲಿ ನಿಮಗೆ ಮಿಕ್ಸಿ ಸಿಗ್ಬೇಕಾದ್ರೆ ಸಂಕ್ರಾಂತಿ ಕಳೀಬೇಕು.”

ತಿರುಗಿ ಬಂದಾಗ ನಿಶ್ಮಿತಾ ಜಗಲಿಯಲ್ಲಿ ಮುಖ ಊದಿಸಿಕೊಂಡಿದ್ದಳು. “ನಾಲ್ಕು ಗಂಟೆಯ ಬಸ್ಸು ಅಮ್ಮಾ. ಹುಡಿ ಆಗದಿದ್ರೆ ನಾನು ಹೋಗುವುದೇ ಬೇಡ.”

ಹಲ್ಲಿಲ್ಲದ ಅತ್ತೆ ಅಮ್ಮಣಿ ಎಲೆಅಡಿಕೆ ಗುದ್ದುವ ತನ್ನ ಕಬ್ಬಿಣದ ಕುಟ್ಟಣಿಯನ್ನು ಮುಂದೆ ತಳ್ಳಿದಳು. “ಇಕಾ, ಇದರಲ್ಲಿ ಗುದ್ದು. ನಾನೆಂತ ಮಾಲೆ ಹಾಕಿದ್ದೇನಾ? ಆದರೆ ಬೇಗ ಕೊಡು, ನನ್ನ ಬಾಯಿ ಒಣಗ್ತದೆ.”

ಒಂದು ಸಲಕ್ಕೆ ಎರಡು ಚಮಚವೂ ಹಿಡಿಯದ ಕುಟ್ಟಣಿ. ಸುಣ್ಣದ ಕರೆ ಹೋಗುವಷ್ಟು ಹುಣಸೆಹುಳಿ ಹಾಕಿ ತಿಕ್ಕಿ, ಒಣಗಿಸಿ, ಹಲಸಿನ ಮರದಡಿ ಕೂತು ಗುದ್ದತೊಡಗಿದಳು. ಗುದ್ದು, ಜರಡಿ ಹಿಡಿ, ತರಿಯನ್ನು ಮತ್ತೆ ಗುದ್ದು. ಕರಿಮೆಣಸು ಸಿಡಿದು ಕಣ್ಣಿಗೆ ಬಿತ್ತು. ಎರಡು ಗಂಟೆಯ ಹೊತ್ತಿಗೆ ಅರ್ಧ ಬಾಟಲಿ.

“ಇನ್ನೂ ಸ್ವಲ್ಪ ನೈಸ್ ಬೇಕಿತ್ತಮ್ಮಾ.”

“ಹಾಗಾದ್ರೆ ನೀನೇ ಬಾ, ನೈಸ್ ಮಾಡು.”

ನಿಶ್ಮಿತಾ ಹತ್ತು ಸಲ ಗುದ್ದಿ ಅಂಗೈಗೆ ಊದಿಕೊಂಡಳು.

ಮೂರೂವರೆಗೆ ಬಾಟಲಿ ತುಂಬಿ, ಪೇಪರಿನ ಮೇಲೆ ಒಂದು ಹಿಡಿ ಹುಡಿ ಉಳಿಯಿತು. ಅಷ್ಟರಲ್ಲಿ ಪುರಂದರ ಬಂದು ನಾಲ್ಕು ಮಾರು ದೂರದಲ್ಲೇ ನಿಂತು ಮೂಗರಳಿಸಿದ.

“ಪರಿಮಳ ಒಳ್ಳೆದುಂಟು ಮಾರಾಯ್ತಿ. ಆ ಉಳಿದದ್ದನ್ನು ಒಂದು ಡಬ್ಬಿಯಲ್ಲಿ ಹಾಕಿಡು. ಮಲೆಗೆ ಹೋಗಿ ಬಂದ ಮೇಲೆ ಬೇಕಾಗ್ತದೆ.”

ಪುಷ್ಪಾವತಿ ಅವನನ್ನೂ ಬೊಬ್ಬೆ ಎದ್ದ ತನ್ನ ಅಂಗೈಯನ್ನೂ ನೋಡಿದಳು. ಪೇಪರನ್ನು ಪೊಟ್ಟಣ ಕಟ್ಟಿ ಮಗಳ ಬ್ಯಾಗಿಗೆ ತುರುಕಿದಳು. “ಇದೂ ಇರಲಿ. ಒಮ್ಮೆ ಹಾಳಾದ್ರೆ ಇನ್ನೊಮ್ಮೆ ತಿಕ್ಕಲಿಕ್ಕೆ.”

ಆಮೇಲೆ ಗಂಡನ ಕಡೆ ತಿರುಗದೆಯೇ ಅಂದಳು: “ಮಾಲೆ ಹಾಕಿದ ಮನೆಯಲ್ಲಿ ಹಂದಿ ಮಸಾಲೆ ಇಡ್ಲಿಕ್ಕಿಲ್ಲ, ಸ್ವಾಮಿ.”

ಬ್ಯಾಗಿನ ಜಿಪ್ ಎಳೆಯಹೋದರೆ ಬೆರಳು ಮಡಚಲಿಲ್ಲ. ನಿಶ್ಮಿತಾಳೇ ಎಳೆದುಕೊಂಡು ಬಸ್ಸಿಗೆ ಓಡಿದಳು.