ಮಾಸುಮಬಿಯ ಹಸಿವು

ಗಜೇಂದ್ರಗಡದಲ್ಲಿ ಗಾದಿ ಹೊಲಿಯುವ ಗೌಸುಸಾಬ ನದಾಫ ಮೂರು ವರ್ಷದಿಂದ ತಂಗಿಯ ಮನೆಯ ನೀರು ಮುಟ್ಟಿರಲಿಲ್ಲ. ಕಾರಣ ಕೇಳಿದವರಿಗೆ ನಗು ಬರುತ್ತಿತ್ತು, ಆದರೆ ಅವನೆದುರು ನಗುವ ಧೈರ್ಯ ಯಾರಿಗೂ ಇರಲಿಲ್ಲ. ಅಂದು ಸವಡಿಯಲ್ಲಿ ತಂಗಿ ಮಾಸುಮಬಿಯ ಮಗ ಅಲ್ತಾಫನ ಮದುವೆ. ಬೀಗರ ಸಾಲಿನಲ್ಲಿ ಕೂತ ಗೌಸುಸಾಬ ಸಿಹಿ ಅನ್ನವನ್ನು ಎರಡನೇ ಸಲ ಹಾಕಿಸಿಕೊಂಡು ಇನ್ನೇನು ಬಾಯಿಗಿಡಬೇಕು, ಮಾಸುಮಬಿ ಎಲ್ಲಿದ್ದಳೋ ಏನೋ, ಬಂದವಳೇ ಅವನ ಮುಂದಿನ ತಾಟು ಎತ್ತಿಕೊಂಡಳು.

"ನಿನಗ ಸಕ್ಕರಿ ಬ್ಯಾನಿ ಐತಿ ಅಣ್ಣಾ. ಸಾಯಬೇಕಂತ ಮಾಡೀಯೇನು?"

ಬೀಗರೆಲ್ಲ ತಿರುಗಿ ನೋಡಿದರು. ಉಣ್ಣುವವನ ಮುಂದಿನ ತಾಟು ಎತ್ತುವುದೆಂದರೆ ನಮ್ಮ ಕಡೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಗೌಸುಸಾಬ ಎದ್ದು ಕೈ ಕೊಡವಿದ. "ಇವತ್ತಿನಿಂದ ನಿನ್ನ ಮನಿ ಅನ್ನ ನನ್ನ ಹೊಟ್ಟಿಗಿ ಹರಾಮ" ಎಂದವನು ಗಜೇಂದ್ರಗಡದ ಬಸ್ಸು ಹತ್ತಿಯೇ ಬಿಟ್ಟ.

ಆಣೆ ಮಾಡಿದ್ದು ತಂಗಿಯ ಮನೆಯ ಅನ್ನದ ಮೇಲೆ, ಸಕ್ಕರೆಯ ಮೇಲೇನಲ್ಲವಲ್ಲ. ಸಿಹಿ ಚಹಾ, ಬೇಕರಿಯ ಖಾರಿ, ಬಿಸ್ಕಿಟು ಎಲ್ಲ ಸಾಂಗವಾಗಿ ನಡೆದವು. ಕೊನೆಗೆ ಎಡಗಾಲಿನ ಹೆಬ್ಬೆರಳು ಕಪ್ಪಾಗಿ, ಅದನ್ನು ತೆಗೆಯಬೇಕಾಯಿತು. ಗಾದಿಯವನಿಗೆ ಕಾಲೂ ಒಂದು ಕೈಯೇ. ಹತ್ತಿಯನ್ನು ಪಾದದಿಂದ ಅದುಮಿ ಹಿಡಿದರೆ ಮಾತ್ರ ಉದ್ದ ಸೂಜಿ ಆಚೆ ದಾಟುತ್ತದೆ. ಉಳಿದ ಬೆರಳುಗಳನ್ನು ನೋಡಿಕೊಳ್ಳುತ್ತ ಅವನು ಮೊದಲ ಸಲ ಹೆದರಿದ.

ಗದಗಿನ ದವಾಖಾನೆಯಲ್ಲಿ ನೀಲಾ ಎಂಬ ಡಾಕ್ಟರು ಆಗ ಹೊಸದೊಂದು ಚಿಕಿತ್ಸೆಯ ಮಾತು ತೆಗೆದಳು. "ಮನಷ್ಯಾನ ಕರುಳಿನ್ಯಾಗ ಲೆಕ್ಕಾ ಇಲ್ಲದಷ್ಟು ಸಣ್ಣ ಸಣ್ಣ ಜೀವ ಅದಾವ್ರಿ. ನಿಮ್ಮ ಹೊಟ್ಯಾಗ ಚಲೋ ಅನ್ನುವು ಭಾಳ ಕಡಿಮಿ ಆಗ್ಯಾವ. ಗಟ್ಟಿಮುಟ್ಟ ಇದ್ದವರ ಮಲದಾಗಿಂದ ಅವನ್ನ ಸೋಸಿ, ಮಾತ್ರ್ಯಾಗ ತುಂಬಿ ಕೊಡ್ತೀವಿ. ಇದಿನ್ನೂ ಪ್ರಯೋಗ, ನಿಮ್ಮ ಗುಳಿಗಿ, ಇಂಜೆಕ್ಷನ್ ಯಾವೂ ಬಿಡೂ ಹಂಗಿಲ್ಲ. ನಿಮ್ಮ ಪೈಕಿ ಯಾರರ ಕೊಡಾವ್ರು ಅದಾರೇನು?"

ಗೌಸುಸಾಬ ಮುಖ ಕಿವುಚಿದ. ಹೆಂಡತಿ ಜಮಾಲಬಿ ಅವನನ್ನು ಕೇಳಲೇ ಇಲ್ಲ, ಹೊರಗೆ ಹೋಗಿ ಸವಡಿಗೆ ಫೋನು ಹಚ್ಚಿದಳು. ಮಾಸುಮಬಿ ಮರುದಿನವೇ ಬಂದಳು. ಸಜ್ಜೆ ರೊಟ್ಟಿ, ಮಡಕೆ ಕಾಳು, ಹೊಲದಲ್ಲಿ ತಾನಾಗಿಯೇ ಹುಟ್ಟುವ ಹಕ್ಕರಕಿ ಸೊಪ್ಪು ಹಸಿಹಸಿಯಾಗಿ, ಇಷ್ಟೇ ಉಂಡು ಬೆಳೆದ ಮೈ ಅದು. ತಪಾಸಣೆ ಮಾಡಿದ ಡಾಕ್ಟರಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಅಣ್ಣ ಗೋಡೆ ನೋಡುತ್ತ ಕೂತಿದ್ದ, ತಂಗಿ ಅಣ್ಣನ ಕಾಲು ನೋಡುತ್ತ ನಿಂತಿದ್ದಳು.

ಮಾತ್ರೆ ಅನ್ನವಲ್ಲ, ಔಷಧಿ, ಎಂದು ಗೌಸುಸಾಬ ತನಗೆ ತಾನೇ ಫತ್ವಾ ಕೊಟ್ಟುಕೊಂಡ. ಕಣ್ಣು ಮುಚ್ಚಿ ನುಂಗಿದ. ತಂಗಿಯ ಮನೆಯ ರೊಟ್ಟಿ ಬೇಡವೆಂದ ಮಹಾರಾಯ, ಆ ರೊಟ್ಟಿ ಕೊನೆಗೆ ಏನಾಗುತ್ತದೋ ಅದನ್ನು ನುಂಗಿದ. ಹಟವೆಂಬುದು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಕೆಲವು ವಾರಗಳಲ್ಲಿ ಸಕ್ಕರೆ ಇಳಿಯಿತು, ಗಾಯ ಒಣಗಿತು. ಆಗಲೇ ಅಲ್ತಾಫ ಒಂದು ಬುತ್ತಿಗಂಟು ತಂದ. "ಮಾಮಾ, ಅವ್ವ ಹೇಳ್ಯಾಳ. ಇನ್ನ ನಿನ್ನ ಹೊಟ್ಯಾಗ ನಾನೂ ಅದೀನಿ, ಇದು ನನ್ನ ಪಾಲಿನ ರೊಟ್ಟಿ, ನನಗ ಉಪಾಸ ಕೆಡವಬ್ಯಾಡ ಅಂತ." ಮಾಸುಮಬಿಗೆ ಚೇಷ್ಟೆ ಮೊದಲಿನಿಂದಲೂ ಇತ್ತು. ಗೌಸುಸಾಬ ಗಂಟು ಬಿಚ್ಚಲೂ ಇಲ್ಲ. "ಔಷಧ ಬ್ಯಾರೆ, ಅನ್ನ ಬ್ಯಾರೆ" ಎಂದು ಹಾಗೆಯೇ ವಾಪಸು ಕಳಿಸಿದ.

ಅದಾದ ಮುಂದಿನ ವಾರ ಮಾಸುಮಬಿ ಕಡಲೆ ಹೊಲದಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಳು.

ಒಡಹುಟ್ಟಿದವನೆಂದು ಗೌಸುಸಾಬನೇ ಕುಂಟುತ್ತ ಗೋರಿಗೆ ಇಳಿದು ಅವಳನ್ನು ಮಲಗಿಸಿದ. ಮೇಲೆ ಬಂದು ಮಣ್ಣು ಹಾಕಲು ಬಗ್ಗಿದಾಗ ಅವನ ಹೊಟ್ಟೆ ಗುರ್ರೆಂದಿತು. ಪಕ್ಕದವರಿಗೂ ಕೇಳಿಸುವಷ್ಟು ಜೋರು. ಹಿಡಿಮಣ್ಣು ಕೈಯಲ್ಲೇ ಉಳಿಯಿತು. ಅವಳಲ್ಲಿ ಇಷ್ಟನ್ನು ಮಣ್ಣು ಮಾಡುತ್ತಿದ್ದೇವೆ, ಮಣ್ಣಾಗದ ಇನ್ನಷ್ಟು ನನ್ನೊಳಗೆ ಎಚ್ಚರವಾಗಿದೆ ಎಂಬ ಯೋಚನೆ ಬಂದು ಮೈ ಜುಮ್ಮೆಂದಿತು. ನೆರೆಯವರು ತಂದ ಊಟವನ್ನು ಆ ಮನೆಯಲ್ಲಿ ಅವನು ಅಂದೂ ಮುಟ್ಟಲಿಲ್ಲ.

ಅಂದಿನಿಂದ, ಮಾಸುಮಬಿ ಹೊಲದಲ್ಲಿ ಬುತ್ತಿ ಬಿಚ್ಚುತ್ತಿದ್ದ ಹೊತ್ತಾದರೆ ಸಾಕು, ಹೊಟ್ಟೆ ಕೂಗತೊಡಗಿತು. ಅದು ಅವನ ಹಸಿವಲ್ಲ. ಅವನ ಹಸಿವನ್ನು ಅವನು ಬಲ್ಲ, ಅದು ಚಹಾ ಕೇಳುತ್ತದೆ, ಬಿಸ್ಕಿಟು ಕೇಳುತ್ತದೆ. ಇದು ಹಸಿ ಉಳ್ಳಾಗಡ್ಡಿ ಕೇಳುತ್ತಿತ್ತು, ದನದ ಮೇವೆಂದು ಅವನು ಹುಡುಗನಿದ್ದಾಗಿನಿಂದ ಬೈಯುತ್ತಿದ್ದ ಹಕ್ಕರಕಿಯನ್ನು ಕೇಳುತ್ತಿತ್ತು. ಚಹಾ ಕುಡಿಸಿ ಸುಮ್ಮನಾಗಿಸಲು ನೋಡಿದ. ಇನ್ನೂ ಗಟ್ಟಿಯಾಗಿ ಕೂಗಿತು. ಅರ್ಧ ಹೊಲಿದ ಗಾದಿಯ ಮೇಲೆ ಸೂಜಿ ಬಿಟ್ಟು ಹೊಟ್ಟೆ ಹಿಡಿದು ಕೂತುಬಿಡುತ್ತಿದ್ದ.

"ಅಕಿ ಬೇಡಾಕತ್ತಾಳ" ಎಂದ ಹೆಂಡತಿಗೆ.

"ಬೇಡಿದ್ರ ಹಾಕೂಣು, ಅದಕ್ಯಾಕ ಅಂಜತೀರಿ" ಎಂದ ಜಮಾಲಬಿ ಸಂತೆಯಿಂದ ಸೊಪ್ಪು ತಂದಳು, ಸಜ್ಜೆ ರೊಟ್ಟಿ ಬಡಿದಳು. ಅವನು ಉಂಡ. ಕೂಗು ನಿಲ್ಲಲಿಲ್ಲ. ಅವನಿಗೆ ಆಶ್ಚರ್ಯವೂ ಆಗಲಿಲ್ಲ. ಕಂಡ ಕಂಡ ಮನೆಯಲ್ಲಿ ಉಣ್ಣುವವಳೇ ಅಲ್ಲ ಮಾಸುಮಬಿ, ಹಟದಲ್ಲಿ ಅವಳೂ ಅದೇ ತಾಯಿಯ ಹಾಲು ಕುಡಿದವಳು. ಬೇಸತ್ತ ಗೌಸುಸಾಬ ಮತ್ತೆ ಚಹಾಕ್ಕೆ ತಿರುಗಿದ.

ಮುಂದಿನ ತಪಾಸಣೆಯಲ್ಲಿ ಸಕ್ಕರೆ ಮೇಲಕ್ಕೇರಿತ್ತು. ನೀಲಾ ಡಾಕ್ಟರು ಕಾಗದ ನೋಡಿ ನಿಟ್ಟುಸಿರು ಬಿಟ್ಟಳು. "ನಿಮ್ಮ ತಂಗಿ ಕಡೆಯಿಂದ ಬಂದುವು ಕಡಿಮಿ ಆಗಾಕತ್ತಾವ್ರಿ. ಅವು ನಾರಿನ ಪದಾರ್ಥ ಉಂಡು ಬೆಳದುವು. ಅವರು ಏನ ಉಣತಿದ್ರೋ ನೀವೂ ಅದನ್ನ ದಿನಾ ಉಣ್ಣಬೇಕು. ಇಲ್ಲಂದ್ರ ಉಪಾಸ ಬಿದ್ದು ಸಾಯ್ತಾವ."

"ಎಲ್ಲಾ ಸಾಯ್ತಾವೇನ್ರಿ?"

"ಹಿಂಗ ಬಿಟ್ರ ಎಲ್ಲಾ ಹೋಗ್ತಾವ."

ಗೌಸುಸಾಬನ ಮುಖ ಬಿಳಿಚಿಕೊಂಡದ್ದನ್ನು ಕಂಡು ಅವಳು ದನಿ ಇಳಿಸಿದಳು. "ಅವು ಬರೀ ಸೂಕ್ಷ್ಮಜೀವಿ ಅದಾವ್ರಿ ಸಾಹೇಬ್ರ. ನಿಮ್ಮ ತಂಗಿ ಅಲ್ಲ."

ಹೌದ್ರಿ ಎಂದು ತಲೆಯಾಡಿಸಿದ. ತಲೆ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ. ಒಂದು ಸಲ ಸತ್ತವಳನ್ನು ಇನ್ನೊಂದು ಸಲ, ಅದೂ ಹಸಿವಿನಿಂದ, ಅದೂ ತನ್ನ ಕೈಯಾರೆ. ದವಾಖಾನೆಯ ಹೊರಗೆ ಚಹಾದಂಗಡಿಯ ಮುಂದೆ ನಿಂತು ಗೌಸುಸಾಬ ಹೆಣ್ಣುಮಕ್ಕಳ ಹಾಗೆ ಬಿಕ್ಕಿ ಅತ್ತ. ಆಮೇಲೆ ಊರ ಬಸ್ಸು ಬಿಟ್ಟು, ಸವಡಿಗೆ ಹೋಗಲು ರೋಣದ ಬಸ್ಸು ಹತ್ತಿದ.

ಸವಡಿಯ ಮನೆಯಲ್ಲಿ ಅಲ್ತಾಫನ ಹೆಂಡತಿ ಜಬೀನ ಒಬ್ಬಳೇ ಇದ್ದಳು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಾವನನ್ನು ಕಂಡು ಸೆರಗು ಹೊದ್ದು ಚಾಪೆ ಹಾಸಿದಳು. ನೀರು ಬೇಕೇ ಎಂದು ಮಾತ್ರ ಕೇಳಲಿಲ್ಲ. ತಾನಾಗಿ ಬೇಡುವ ತನಕ ಅಣ್ಣನ ಮುಂದೆ ತಾಟು ಇಡಬೇಡ, ಇನ್ನೊಂದು ಸಲ ಅವನು ಎದ್ದು ಹೋದರೆ ನನ್ನ ಜೀವ ತಾಳುವುದಿಲ್ಲ ಎಂದು ಅತ್ತೆ ಬದುಕಿದ್ದಾಗಲೇ ಅವಳಿಗೆ ಹೇಳಿಟ್ಟಿದ್ದಳು.

ಗೌಸುಸಾಬ ಕೂತ. ಮಾಸುಮಬಿಯ ಹಸಿರು ಸೀರೆಯೊಂದು ಇನ್ನೂ ಹಗ್ಗದ ಮೇಲಿತ್ತು. ರೊಟ್ಟಿ ಸುಡುವ ವಾಸನೆ ಬಂದದ್ದೇ ತಡ, ಹೊಟ್ಟೆ ಕೂಗಿತು. ಹಿಂದೆಂದೂ ಇಲ್ಲದ ಹಾಗೆ ಎಳೆದೆಳೆದು ಕೂಗಿತು. ರೊಟ್ಟಿ ಬಡಿಯುವ ಸಪ್ಪಳ ಫಕ್ಕನೆ ನಿಂತಿತು.

"ಜಬೀನಾ" ಎಂದ. "ಹಸಿವ್ಯಾಗೇತಿ ಯವ್ವಾ. ಉಣ್ಣಾಕ ಹಾಕು."

ಅವಳು ಗಡಬಡಿಸಿ ತಾಟು ತಂದಿಟ್ಟಳು. ಸಜ್ಜೆ ರೊಟ್ಟಿ, ಮಡಕೆ ಕಾಳಿನ ಪಲ್ಯ, ತೊಳೆದ ಹಕ್ಕರಕಿ, ಒಡೆದ ಉಳ್ಳಾಗಡ್ಡಿ. ಬಿಸ್ಮಿಲ್ಲಾ ಎಂದು ಗೌಸುಸಾಬ ಮೊದಲ ತುತ್ತು ಬಾಯಿಗಿಟ್ಟ. ಅಗಿದು ನುಂಗಿದ. ಇನ್ನೊಂದು ತುತ್ತು ನುಂಗಿದ. ರೊಟ್ಟಿ ಅರ್ಧ ಆಗುವ ಹೊತ್ತಿಗೆ ಹೊಟ್ಟೆ ಸದ್ದಡಗಿ ಕೂತಿತು.

ಆ ಸದ್ದಿಲ್ಲದ್ದಕ್ಕೆ ಅವನು ಮೊದಲಿಗಿಂತ ಹೆಚ್ಚು ಹೆದರಿದ. ತಡವಾಗಿ ಬಂದೆನೋ, ಉಣ್ಣುವವಳು ಹೊರಟೇ ಹೋದಳೋ ಎನಿಸಿತು. ತಾಟಿನಿಂದ ಕೈ ತೆಗೆದು, ಬಗ್ಗಿ, ಹೊಟ್ಟೆಯ ಹತ್ತಿರ ಮೆಲ್ಲಗೆ ಕೇಳಿದ.

"ಸಾಕಾತೇನ ತಂಗೀ? ಇನ್ನೊಂದೀಟು ಹಾಕಸ್ಲೇನು?"

ಜಬೀನ ಒಲೆಯ ಮುಂದೆ ಹಾಗೆಯೇ ನಿಂತಳು. ಮಾವನನ್ನು ನೋಡಿದಳು, ಅವನು ಯಾರೊಡನೆ ಮಾತಾಡಿದನೆಂದು ನೋಡಿದಳು. ಹಂಚಿನ ಮೇಲಿನ ಬಿಸಿ ರೊಟ್ಟಿ ಎತ್ತಿ ತಂದು ತಾಟಿಗೆ ಹಾಕಿದಳು.

"ಅತ್ತಿ ಎರಡು ರೊಟ್ಟಿಗಿ ಕಡಿಮಿ ಎಂದೂ ಉಂಡಿಲ್ರಿ ಮಾಮಾ" ಎಂದಳು.

ಗೌಸುಸಾಬ ತಲೆ ಎತ್ತದೆ ಅದನ್ನೂ ಉಂಡ.