ಎರಡು ಶಾಲೆಗಳ ಲಿಬ್ಬಿ

ಲಿಬ್ಬಿ ಕುಚೇರಾ ಹಿಮ್ಮುಖವಾಗಿ ನಡೆಯುತ್ತಿದ್ದಳು. ಪಾಠ ಮುಗಿಸಿ ಹೊರಬಿದ್ದ ಅಧ್ಯಾಪಕರ ಎದುರಿಗೆ ಬಂದು, ಅವರ ಮುಖಕ್ಕೆ ಮುಖ ಕೊಟ್ಟು, ತಾನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ, ಕಾರಿಡಾರಿನ ಉದ್ದಕ್ಕೂ ಪ್ರಶ್ನೆ ಕೇಳುತ್ತ ಸಾಗುವ ಆ ಹುಡುಗಿಯನ್ನು ದಾಟಿ ಹೋಗುವುದು ಯಾರಿಂದಲೂ ಆಗುತ್ತಿರಲಿಲ್ಲ. ಬಾಗಿಲಿಗಾಗಲಿ ಕಂಬಕ್ಕಾಗಲಿ ಅವಳು ತಾಗಿದ್ದನ್ನು ನಾನು ಕಾಣೆ, ತಾಗಿಸಿಕೊಂಡವರು ನಾವು. "ಒಂದ್ನಿಮಿಷ, ಒಂದ್ನಿಮಿಷ" ಎಂದು ಶುರುವಾದ ಅವಳ ಮಾತು ಒಂದು ನಿಮಿಷದಲ್ಲಿ ಮುಗಿದ ಉದಾಹರಣೆ ನೆಬ್ರಾಸ್ಕಾದ ನಮ್ಮ ಪುಟ್ಟ ಕಾಲೇಜಿನ ಇತಿಹಾಸದಲ್ಲಿಲ್ಲ.

ಆಗ ಅವಳಿಗೆ ಹದಿನಾರು. ಬೆಳಗ್ಗೆ ಊರಿನ ಹೈಸ್ಕೂಲು, ಮಧ್ಯಾಹ್ನ ನಮ್ಮಲ್ಲಿ ಅಂಗರಚನಾಶಾಸ್ತ್ರ. ಇಲ್ಲಿ ಗಳಿಸಿದ ಅಂಕ ಅಲ್ಲಿಗೂ ಸಲ್ಲುತ್ತದೆ, ಇಲ್ಲಿಗೂ ಸಲ್ಲುತ್ತದೆ. ಇಲ್ಲಿ ಎಡವಿದರೆ ಆ ಕಲೆಯೂ ಎರಡೂ ಕಡೆ ಉಳಿಯುತ್ತದೆ. ಆ ಹೈಸ್ಕೂಲಿನಿಂದ ಇಷ್ಟು ಕಠಿಣ ವಿಷಯಕ್ಕೆ ಬಂದವರಲ್ಲಿ ಅವಳೇ ಮೊದಲಿಗಳು. ಇವಳು ದಡ ಸೇರಿದರೆ ಮುಂದಿನ ವರ್ಷ ಬೇರೆ ಮಕ್ಕಳು, ಇಲ್ಲವಾದರೆ ಈ ಸಾಹಸ ಇಲ್ಲಿಗೇ ಸಾಕು ಎಂದು ಅಲ್ಲಿನ ಹಿರಿಯರು ತೀರ್ಮಾನಿಸಿದ್ದರು. ಆ ಭಾರವನ್ನೂ ಅವಳು ತಾತನಿಂದ ಬಂದ ಕಂದು ಕ್ಯಾನ್ವಾಸ್ ಕೋಟಿನ ಹಾಗೆ, ಅಳತೆಗೆ ದೊಡ್ಡದಾದರೂ ತೋಳು ಮಡಚಿ, ಖುಷಿಯಿಂದಲೇ ತೊಟ್ಟಿದ್ದಳು. ಕೋಟಿನ ಜೇಬುಗಳಲ್ಲಿ ಅಜ್ಜಿ ಸುಟ್ಟುಕೊಟ್ಟ, ಗಸಗಸೆ ಹೂರಣದ ಕೊಲಾಚೆ ಎಂಬ ಸಿಹಿ ಬನ್ನು, ಶಾಲೆಯ ಬ್ಯಾಂಡಿನ ಕಹಳೆಯ ಮೂತಿ, ಕರುಗಳ ಕಿವಿಗೆ ಚುಚ್ಚುವ ಹಳದಿ ಬಿಲ್ಲೆ ಎಲ್ಲವೂ ಒಂದೇ ಸಂಸಾರವಾಗಿದ್ದವು.

ಅವಳ ಮೇಜಿನ ಜೊತೆಗಾರ ಕ್ಲೈಡ್ ಬಾರ್ಟಕ್. ಬಹುಕಾಲ ಜೋಳದ ಲಾರಿ ಓಡಿಸಿ, ಬೆನ್ನು ಕೆಟ್ಟ ಮೇಲೆ ನರ್ಸ್ ಆಗಲು ಹೊರಟ ದಪ್ಪ ಮೀಸೆಯ ಮನುಷ್ಯ. "ಏನ್ ಪುಟ್ಟಿ, ಹೋಂವರ್ಕ್ ಮಾಡ್ಲಿಲ್ಲ ಅಂದ್ರೆ ನಿಮ್ಮಮ್ಮನಿಗೆ ಚೀಟಿ ಕಳಿಸ್ಬೇಕಾ?" ಎಂದು ಕೆಣಕುವನು. "ನಿಮ್ಮದು ಮಾಡಿದೀರಾ ಮೊದ್ಲು ಹೇಳಿ. ಇಲ್ಲಾಂದ್ರೆ ನಿಮ್ ಹೆಂಡತಿಗೆ ನಾನೇ ಫೋನ್ ಮಾಡ್ತೀನಿ" ಎಂದು ಅವಳು.

ಅಕ್ಟೋಬರಿನಲ್ಲಿ, ಕೊಯ್ದು ಕಲಿಯಲೆಂದು, ಸತ್ತ ಬೆಕ್ಕುಗಳು ಬಂದವು. ಪ್ರಯೋಗಶಾಲೆಯ ತಟ್ಟೆಯ ಮೇಲಿನ ಬಟ್ಟೆಯನ್ನು ಅಂಗರಚನಾಶಾಸ್ತ್ರ ಕಲಿಸುವ ನೈಕ್ವಿಸ್ಟ್ ಮೇಡಂ ಸರಿಸಿದರು. ಬೂದು ಬಣ್ಣ, ಪಟ್ಟೆಪಟ್ಟೆ ಬಾಲ. ಲಿಬ್ಬಿಯ ಮನೆಯ ಕೊಟ್ಟಿಗೆಯಲ್ಲಿ, ಹಾಲು ಕರೆಯುವ ಹೊತ್ತಿಗೆ ಅವಳ ಕಾಲು ಸುತ್ತುವ ಬೆಕ್ಕಿನದೇ ರೂಪ. ಈಯಲು ಕಷ್ಟಪಡುವ ಹಸುವಿನ ಗರ್ಭಕ್ಕೆ ಮೊಣಕೈವರೆಗೆ ಕೈಹಾಕಿ ಕರು ಎಳೆದವಳು, ರಕ್ತಕ್ಕೆ ಎಂದೂ ಬೆಚ್ಚದವಳು, ಆ ತಣ್ಣನೆಯ ನಿಶ್ಚಲತೆಯನ್ನು ಕಂಡು ಬಿಳುಚಿಕೊಂಡು ಕುಸಿದಳು. ಕೆಟ್ಟ ಬೆನ್ನನ್ನೂ ಮರೆತು ಕ್ಲೈಡ್ ಹಿಡಿದುಕೊಳ್ಳದಿದ್ದರೆ ತಲೆ ಒಡೆಯುತ್ತಿತ್ತು.

ಸುದ್ದಿ ಅವಳಿಗಿಂತ ಮೊದಲೇ ಹೈಸ್ಕೂಲು ತಲುಪಿತು. ಅಂದು ಸಂಜೆಯೇ ಅಲ್ಲಿನ ಮಾರ್ಗದರ್ಶಕರು ಕರೆದು ಒಳ್ಳೆಯ ಮಾತಿನಲ್ಲೇ ಹೇಳಿದರು: "ಶುಕ್ರವಾರದೊಳಗೆ ಈ ವಿಷಯ ಬಿಟ್ರೆ ಎಲ್ಲೂ ದಾಖಲಾಗಲ್ಲಮ್ಮ. ಆಮೇಲೆ ಫೇಲಾದ್ರೆ ಜೀವನಪೂರ್ತಿ ಅಂಟ್ಕೊಂಡಿರುತ್ತೆ. ನಿಂಗ್ಯಾಕೆ ಬೇಕು?" ಇದು ಸುಳ್ಳಾಗಿರಲಿಲ್ಲ, ಅದಕ್ಕೇ ಅವಳಿಗೆ ನಿದ್ದೆ ಬರಲಿಲ್ಲವಂತೆ.

ಮರುದಿನ ಅವಳು ತರಗತಿಗಿಂತ ಬಹಳ ಮುಂಚೆ ಬಂದು ನೈಕ್ವಿಸ್ಟ್ ಮೇಡಂ ಮುಂದೆ ನಿಂತಳು. ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಕಲಿಸುವ ನನಗೆ ಮಾತೆಲ್ಲ ಕೇಳುತ್ತಿತ್ತು.

"ಮೇಡಂ, ಕತ್ತರಿಸಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ. ಅಷ್ಟಕ್ಕೆ ಬಿಡ್ತೀರಾ?"

"ಕೂತ್ಕೋ. ಬೀಳೋದಾದ್ರೆ ಕಿಟಕಿ ಕಡೆ ಬೀಳಬೇಡ."

ಅಂದು ಮುಚ್ಚಿದ ಬಟ್ಟೆಯ ಪಕ್ಕದಲ್ಲಿ ಕುಳಿತಳು. ಮರುದಿನ ಬಟ್ಟೆ ಸರಿಸಿ ಕುಳಿತಳು. ಗುರುವಾರ ಕ್ಲೈಡನೂ ಬೇಗ ಬಂದು, ತನ್ನ ಲಾರಿ ಹಿಮದಲ್ಲಿ ಹೂತುಹೋದ ಕಥೆ ಹೇಳುತ್ತ ಕೂತ. ಕೇಳುತ್ತ ಕೇಳುತ್ತ ಅವಳ ಗ್ಲೌಸು ತೊಟ್ಟ ಕೈ ಬೆಕ್ಕಿನ ಪಕ್ಕೆಯ ಮೇಲೆ ಹೋಗಿ ಕೂತಿತು. ಒಮ್ಮೆಲೆ ಅವಳು ಕಥೆಯನ್ನು ತಡೆದಳು.

"ಒಂದ್ನಿಮಿಷ, ಒಂದ್ನಿಮಿಷ. ಇಲ್ಲಿ ಮುಟ್ಟಿ ನೋಡಿ. ಈ ಎಲುಬು ಗಂಟು ಗಂಟಾಗಿದೆ."

ಮೇಡಂ ಬಂದು ಮುಟ್ಟಿದರು. "ಹೌದಲ್ಲ. ಯಾವಾಗಲೋ ಮುರಿದಿದೆ. ತಾನಾಗೇ ಕೂಡ್ಕೊಂಡಿದೆ."

"ಮುರಿದ ಮೇಲೂ ಓಡಾಡ್ಕೊಂಡಿತ್ತಾ ಇದು? ಒಳಗೆ ಹೇಗೆ ಕೂಡ್ಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?"

ಮೇಡಂ ಚಾಕುವಿನ ತಟ್ಟೆಯನ್ನು ಅವಳ ಕಡೆ ಸರಿಸಿದರು.

ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ದಡಾರನೆ ತೆರೆಯಿತು. ಕೆನ್ನೆ ಕೆಂಪಾಗಿ, ಕನ್ನಡಕ ಓರೆಯಾಗಿ ಲಿಬ್ಬಿ ನಿಂತಿದ್ದಳು. "ನೀವೂ ಬನ್ನಿ, ಎಲ್ಲಾರೂ ಬನ್ನಿ, ನೋಡಬೇಕು ನೀವು." ಎಲುಬಿನ ವಿಷಯದಲ್ಲಿ ನನಗೆ ಏನೇನೂ ತಿಳಿಯದು. ಆದರೂ ಹೋದೆ, ಬಾಗಿ ನೋಡಿದೆ, ಬೆಸುಗೆ ಹಾಕಿದ ಹಾಗೆ ಉಬ್ಬಿದ ಆ ಗೆಣ್ಣಿನ ಮೇಲೆ ಅವಳ ಬೆರಳು ಮತ್ತೆ ಮತ್ತೆ ಹರಿದಾಡುತ್ತಿದ್ದುದನ್ನೂ ನೋಡಿದೆ. ಕ್ಲೈಡ್ ಮಾತ್ರ ಗೊಣಗಿದ: "ಲಾರಿ ಕಥೆ ಅರ್ಧಕ್ಕೇ ನಿಂತುಹೋಯ್ತಲ್ಲ ಪುಟ್ಟಿ."

ಶುಕ್ರವಾರ ಬಂತು, ಹೋಯಿತು, ಅವಳು ಬಿಡಲಿಲ್ಲ. ಡಿಸೆಂಬರಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲ ಸ್ಥಾನವೇನೂ ಬರಲಿಲ್ಲ, ಅದು ಬಂದದ್ದು ಕ್ಲೈಡನಿಗೆ, ಆ ಬಗ್ಗೆ ಅವನು ಈಗಲೂ ಜಂಬ ಕೊಚ್ಚಿಕೊಳ್ಳುತ್ತಾನೆ. ಲಿಬ್ಬಿಗೆ ಎರಡನೆಯದು. ಮುಂದಿನ ವರ್ಷ ಆ ಹೈಸ್ಕೂಲಿನಿಂದ ವ್ಯಾನಿನ ತುಂಬ ಮಕ್ಕಳು ಬಂದರು. ಉಳಿದ ವಿಷಯಗಳನ್ನೂ ಹೀಗೇ ಮುಗಿಸಿದ ಲಿಬ್ಬಿಗೆ ಅದರ ಮರುವರ್ಷದ ಮೇ ತಿಂಗಳಲ್ಲಿ ನಮ್ಮ ಕಾಲೇಜಿನ ಎರಡು ವರ್ಷದ ಪದವಿ ಮೊದಲು ಸಿಕ್ಕಿತು, ಹೈಸ್ಕೂಲಿನದು ವಾರದ ನಂತರ. ನಿಲುವಂಗಿ ತೊಟ್ಟ ಮಗಳನ್ನು ನೋಡಿ, ಬಿತ್ತನೆಯ ನಡುವೆ ಮಣ್ಣಿನ ಬೂಟಿನಲ್ಲೇ ಓಡಿಬಂದಿದ್ದ ತಂದೆ ಕಕ್ಕಾಬಿಕ್ಕಿಯಾಗಿ ಕೇಳಿದರು: "ಶಾಲೆಯೇ ಮುಗಿದಿಲ್ಲ, ಕಾಲೇಜು ಹೇಗೆ ಮುಗೀತು ನಿಂದು?"

"ಅದನ್ನ ಆಮೇಲೆ ಹೇಳ್ತೀನಿ ಅಪ್ಪ. ಈಗ ಚಪ್ಪಾಳೆ ತಟ್ಟು."

ವಯಸ್ಸಿಗೆ ಮೀರಿದ ಕೋಣೆಗೆ ಕಾಲಿಡುವ ಇಂಥ ಮಕ್ಕಳನ್ನು ನಾವು ಬುದ್ಧಿವಂತರೆಂದು ಹೊಗಳಿ ಸುಮ್ಮನಾಗುತ್ತೇವೆ. ಬುದ್ಧಿ ಇರುವವರು ಬಹಳ ಮಂದಿ. ತಮಗಿಂತ ಹಿರಿಯರಾದವರ ಕಣ್ಣೆದುರು ಬಿದ್ದು, ಬಿದ್ದ ಜಾಗಕ್ಕೇ ಮರುದಿನ ಬೇಗ ಬಂದು ಕುಳಿತುಕೊಳ್ಳುವವರು ಅಪರೂಪ. ಅಂಥವರಿಗೆ ಧೈರ್ಯವೆಂಬುದು ಹುಟ್ಟಿನಿಂದ ಬಂದದ್ದಲ್ಲ. ತಿಳಿಯಬೇಕೆಂಬ ಹಂಬಲ ಹೆದರಿಕೆಗಿಂತ ಒಂದು ಗೇಣು ಎತ್ತರಕ್ಕೆ ಬೆಳೆದುಬಿಟ್ಟಿರುತ್ತದೆ, ಅಷ್ಟೇ. ಅವರಿಗೆ ಕಲಿಸಿದೆವೆಂದು ನಾವು ಹೇಳಿಕೊಳ್ಳುತ್ತೇವೆ. ನಿಜವಾಗಿ ನೋಡಿದರೆ, ಬಾಗಿಲು ತೆರೆದಿಟ್ಟು ದಾರಿ ಬಿಟ್ಟು ನಿಂತದ್ದಷ್ಟೇ ನಮ್ಮ ಕೆಲಸ.